ನೀರಿನ ಗಂಟೆ ಪಾಸೋ, ರಿಜೆಕ್ಟೋ?

ನಮ್ಮ ಚಿಕ್ಕಪ್ಪ ಪಾಸು ಮಾಡದೆ ಮನೆಯಲ್ಲಿ ಒಂದು ದೋಸೆಯೂ ತಟ್ಟೆಗೆ ಬೀಳುತ್ತಿರಲಿಲ್ಲ ಎಂದರೆ ನೀವು ನಂಬಲೇಬೇಕು! ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಅವರು ಇನ್ಸ್‌ಪೆಕ್ಟರ್. ಗಾಬರಿಯಾಗಬೇಡಿ, ಪೊಲೀಸಲ್ಲ. ಕಬ್ಬಿಣದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಬಿಳಿ ಸೀಮೆಸುಣ್ಣದಲ್ಲಿ ರೈಟು, ಇಲ್ಲದಿದ್ದರೆ ಕೆಂಪಿನಲ್ಲಿ ಇಂಟು ಹಾಕುವುದು ಅವರ ಕೆಲಸ. ಆ ಎರಡು ಸೀಮೆಸುಣ್ಣ ಜೇಬಿನಲ್ಲಿ ಮನೆಗೂ ಬರುತ್ತಿದ್ದವು.

ಅಂಗಡಿಯವನ ಕುಂಬಳಕಾಯಿಗೆ ಇಂಟು ಹಾಕಿ ಬೈಸಿಕೊಂಡದ್ದುಂಟು. ಕಾಲೇಜು ಓದಲು ಅವರ ಮನೆ ಸೇರಿದ್ದ ನನ್ನ ಟ್ರಂಕಿಗೆ ಮೊದಲ ದಿನವೇ ಇಂಟು ಬಿದ್ದಿತ್ತು. ಹೆಣ್ಣು ನೋಡಲು ಹೋದಾಗಲೂ ಸೀಮೆಸುಣ್ಣ ಜೇಬಲ್ಲೇ ಇತ್ತಂತೆ! "ನನ್ ಹಣೆಗೇನೂ ಬರೀಲಿಲ್ಲ, ಪುಣ್ಯ," ಎನ್ನುತ್ತಿದ್ದರು ಚಿಕ್ಕಮ್ಮ.

ಎಪ್ಪತ್ತರ ದಶಕದ ಒಂದು ಬೇಸಿಗೆ. ನಮ್ಮ ಬೀದಿಗೆ ನೀರು ಬರುತ್ತಿದ್ದುದು ಮಧ್ಯಾಹ್ನ. ಎಷ್ಟು ಹೊತ್ತಿಗೆ? ಅದು ನೀರಿಗೇ ಗೊತ್ತು. ಬಂದರೆ ಅರ್ಧ ಗಂಟೆ ಇದ್ದೀತು. ಕೆಂಗೇರಿಯಲ್ಲಿ ಚಿಕ್ಕಮ್ಮನ ತಾಯಿ ಹಾಸಿಗೆ ಹಿಡಿದಿದ್ದರು. ಚಿಕ್ಕಮ್ಮ ಭಾನುವಾರ ಮಾತ್ರ ಹೋಗಿ ಬರುತ್ತಿದ್ದರು, ಹೊರಡುವಾಗ ಆ ಅಜ್ಜಿ "ನಾಳೆ ಬರ್ತೀಯಾ?" ಎಂದು ಕೇಳುತ್ತಿದ್ದರಂತೆ. ನಾಳೆ ಎಲ್ಲಿ? ನಾನು ಕಾಲೇಜಿಗೆ, ಚಿಕ್ಕಪ್ಪ ಕಾರ್ಖಾನೆಗೆ, ಚಿಕ್ಕಮ್ಮ ಕೊಳಾಯಿಯ ಕಾವಲಿಗೆ.

ಮೊದಲೇ ಒಂದೆಡೆ ಕೂರದ ಚಿಕ್ಕಪ್ಪ ಇದನ್ನು ಕಂಡು ನಿಂತಲ್ಲಿ ನಿಲ್ಲದಾದರು. ಹಿತ್ತಿಲಿಗೂ ಬೀದಿಗೂ ನೂರು ಸಲ ತಿರುಗಿ, ಕೊನೆಗೆ ಒಂದು ಶನಿವಾರ ರಜೆ ಹಾಕಿ ಹಿತ್ತಿಲ ಕೊಳಾಯಿಯ ಕೆಳಗೊಂದು ತಗಡಿನ ಚಕ್ರ ಕೂರಿಸಿದರು. ನೀರು ಬಿದ್ದರೆ ಚಕ್ರ ತಿರುಗಬೇಕು, ಚಕ್ರ ತಿರುಗಿದರೆ ಗೋಡೆಯ ಗಂಟೆ ಬಡಿಯಬೇಕು. ಬಡಿಯಿತು! ಗುಜರಿಯಿಂದ ತಂದ ಶಾಲೆಯ ಗಂಟೆ. ಬೀದಿಗೆ ಬೀದಿಯೇ ಎದ್ದು ಕೂತಿತು.

"ಪಾಸಾ?" ಎಂದು ಕಂಡಕಂಡವರನ್ನೆಲ್ಲ ಕೇಳಿದರು.

"ಗೋಡೆ ಪ್ಲಾಸ್ಟರ್ ಉದುರಿದೆ ಕಣ್ರೀ. ರಿಜೆಕ್ಟ್!" ಎಂದರು ಮನೆ ಓನರ್.

"ಪಾಸು ಸಾರ್! ಇನ್ಮೇಲೆ ನಾವೂ ಕೊಳಾಯಿ ಕಾಯೋದು ತಪ್ತು," ಎಂದರು ಪಕ್ಕದ ಮನೆಯಾಕೆ.

ನನಗೂ ಎಲ್ಲಿ ಇಂಟು ಬೀಳುತ್ತದೋ ಎಂದು ನಾನು ಬಾಗಿಲ ಹಿಂದೆ ಸರಿದೆ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಮೆಲ್ಲಗೆ ಕೇಳಿದರು: "ನಾನು ಕೆಂಗೇರಿಲಿದ್ರೆ ನಂಗೆ ಕೇಳ್ಸುತ್ತೇನ್ರೀ?"

ಚಿಕ್ಕಪ್ಪನ ಮುಖ ಹರಳೆಣ್ಣೆ ಕುಡಿದಂತಾಯಿತು. ಇಡೀ ಯಂತ್ರ ಮಾಡಿದ್ದೇ ಆಕೆಗಾಗಿ, ಆಕೆಯನ್ನೇ ಮರೆತಿದ್ದರು! ಕೆಂಪು ಸೀಮೆಸುಣ್ಣ ತೆಗೆದು ಚಕ್ರಕ್ಕೆ ದೊಡ್ಡದೊಂದು ಇಂಟು ಎಳೆದರು.

ಸಂಜೆ ಪಕ್ಕದ ಮನೆಯಾಕೆ ಅದನ್ನು ನೋಡಿ ರೇಗಿದರು. "ಯಾರ್ ಸಾರ್ ಇದಕ್ಕೆ ಇಂಟು ಹಾಕಿದ್ದು? ಅಕ್ಕಾ, ನೀವು ಹಿತ್ತಿಲ ಬಾಗಿಲು ತೆಗೆದಿಟ್ಟು ಹೋಗಿ. ಗಂಟೆ ನಮಗೆ ಕೇಳ್ಸುತ್ತಲ್ಲ? ಮೊದ್ಲು ನಿಮ್ ಹಂಡೆ ತುಂಬಿಸ್ತೀವಿ, ಆಮೇಲೆ ನಮ್ದು."

ಸೋಮವಾರ ಚಿಕ್ಕಮ್ಮ ಕೆಂಗೇರಿಗೆ ಹೋದರು. ಸಂಜೆ ಬಂದಾಗ ಹಂಡೆ ತುಂಬಿತ್ತು. "ಅಮ್ಮ ನನ್ ಕೈಯಿಂದ ಗಂಜಿ ಕುಡಿದ್ಲು," ಎಂದರು.

"ಹಂಗಾದ್ರೆ ಪಾಸಾ ಕಣೇ?"

ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಒಲೆ ಹಚ್ಚಲು ಒಳಗೆ ಹೋದರು. ಚಿಕ್ಕಪ್ಪನಿಗೆ ಊಟ ರುಚಿಸಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಮಧ್ಯಾಹ್ನದವರೆಗೂ ಜನ ಅವರನ್ನು ಕಂಡು ನಕ್ಕಿದ್ದೇ ನಕ್ಕಿದ್ದು. ಊಟದ ಹೊತ್ತಿಗೆ ಯಾರೋ ಹೇಳಿದರಂತೆ: ಬೆಳಿಗ್ಗೆ ಚಿಕ್ಕಮ್ಮ ಕೈಗಿತ್ತ ಖಾಕಿ ಶರ್ಟಿನ ಬೆನ್ನ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಒಂದು ದೊಡ್ಡ ರೈಟು!

ಚಿಕ್ಕಪ್ಪ ಮನೆಗೆ ಬಂದು ಶರ್ಟು ಬಿಚ್ಚಿ, ಆ ಗುರುತನ್ನು ನೋಡುತ್ತ ಬಹಳ ಹೊತ್ತು ಒಂದೇ ಕಡೆ ಕೂತಿದ್ದರು. ಅವರು ಹಾಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ಅಜ್ಜಿ ಮಳೆಗಾಲ ನೋಡಲಿಲ್ಲ. ಆದರೆ ಅಲ್ಲಿಯವರೆಗೆ ದಿನಾ ಮಧ್ಯಾಹ್ನ ಮಗಳು ಪಕ್ಕದಲ್ಲಿದ್ದಳು. ಆ ಖಾಕಿ ಶರ್ಟನ್ನು ಚಿಕ್ಕಪ್ಪ ಕೊನೆಯವರೆಗೂ ಒಗೆಯಲು ಕೊಡಲಿಲ್ಲ.