ಬೀಗಿತ್ತಿಯ ಜೋಗುಳ, ನನ್ನ ಕೂಗಾಟ

ನನಗೆ ಅನುಮಾನ ಜಾಸ್ತಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಹಾಗೆ ಹೇಳುವವರ ಮೇಲೂ ನನಗೆ ಅನುಮಾನವೇ. ಆದರೆ ಇನ್ನೂ ಹುಟ್ಟದ ಮೊಮ್ಮಗುವಿನ ಮಿದುಳಿನ ಮೇಲೆ ಕಣ್ಣಿಟ್ಟ ಅಜ್ಜಿ ಇಡೀ ಮಲ್ಲೇಶ್ವರದಲ್ಲಿ ನಾನೊಬ್ಬಳೇ ಇರಬೇಕು.

ಮಗಳು ಶುಭಾ ಹೆರಿಗೆಗೆ ಬಂದಿದ್ದಳು. ಚಾಮರಾಜಪೇಟೆಯಿಂದ ಅವಳ ಅತ್ತೆ ಪದ್ಮಾವತಿ ದಿನಾ ಸಂಜೆ ಫೋನ್ ಮಾಡಿ, "ಸ್ಪೀಕರ್ ಹಾಕಿ ಹೊಟ್ಟೆ ಹತ್ರ ಇಡಮ್ಮ" ಎಂದು ಜೋಗುಳ ಹಾಡುತ್ತಿದ್ದರು. ದನಿ ಚೆನ್ನಾಗಿತ್ತು, ಅದೇ ನನ್ನ ಹೊಟ್ಟೆಯುರಿ. ಬಾಣಂತನದ ಕಷಾಯ, ಎಣ್ಣೆನೀರು ಎಲ್ಲ ನನ್ನ ಪಾಲಿಗೆ. ಮಗು ಮಾತ್ರ ಆಕೆಯ ದನಿಯನ್ನೇ ಗುರುತು ಹಿಡಿದು ನನ್ನನ್ನು ಪರಕೀಯಳಂತೆ ನೋಡಿಬಿಟ್ಟರೆ? ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುವ ಕೆಲಸ ಇದು ಎಂದು ನನಗೆ ಖಾತ್ರಿಯಾಯಿತು.

ಶುಭಾ ಇಲಿಮರಿಗಳ ಮಿದುಳಿನ ಮೇಲೆ ಸಂಶೋಧನೆ ಮಾಡುವವಳು. "ಒಳಗಿರೋದಕ್ಕೆ ಈಗ್ಲೇ ಏನಾದ್ರೂ ತಿಳಿಯತ್ತೇನೇ?" ಎಂದು ಸೊಪ್ಪು ಬಿಡಿಸುತ್ತ ಕೇಳಿದೆ. ಅವಳು ಪಾಠವನ್ನೇ ಶುರುಮಾಡಿದಳು. ನರಕೋಶಗಳು ಒಂದಕ್ಕೊಂದು ರಾಸಾಯನಿಕಗಳ ಮೂಲಕ ಸುದ್ದಿ ಕಳಿಸುತ್ತವಂತೆ. ಆ ಸುದ್ದಿ ಹಿಡಿಯುವ ರಿಸೆಪ್ಟರುಗಳು, ಕೋಶಗಳ ನಡುವೆ ಸರಿಯಾದ ಸಂಪರ್ಕ ಆಗುವ ಮೊದಲೇ ಮೂಡುತ್ತವಂತೆ. ಸುದ್ದಿ ಹೊರಡುವ ಮೊದಲೇ ಕಿವಿಗೊಟ್ಟು ಕೂರುವವರು ನಮ್ಮ ಪಕ್ಕದ ಮನೆಯವರು ಮಾತ್ರ ಎಂದುಕೊಂಡಿದ್ದೆ. "ತಮಾಷೆ ಏನ್ ಗೊತ್ತಾಮ್ಮ? ನಮ್ಮ ಮಿದುಳನ್ನ ಸುಮ್ನಿರ್ಸೋ ಒಂದು ಕೆಮಿಕಲ್ಲು, ಎಳೇ ಮಿದುಳನ್ನ ಕೆರಳ್ಸತ್ತೆ. ಬೆಳೀತಾ ಬೆಳೀತಾ ಸರಿಹೋಗತ್ತೆ."

ಮುಂದಿನದನ್ನು ನಾನು ಕೇಳಲಿಲ್ಲ. ಸಮಾಧಾನದ ವಸ್ತುವೇ ಕೆರಳಿಸುವುದಾದರೆ ಜೋಗುಳವೂ ಕೆರಳಿಸಲೇಬೇಕಲ್ಲ, ಕೂಗಾಟವೇ ಸಮಾಧಾನ ಮಾಡಬೇಕಲ್ಲ! ಅಂದಿನಿಂದ ಬೀಗಿತ್ತಿಗೆ, "ಇನ್ನೊಂದು ಹಾಡಿ, ಪಾಪ, ಕೇಳ್ಲಿ" ಎಂದು ಧಾರಾಳವಾಗಿ ಹೇಳತೊಡಗಿದೆ. ನಾನು ಮಾತ್ರ ಬೆಳಗ್ಗೆ ಶುಭಾಳನ್ನು ಗೇಟಿನ ಬಳಿ ಕುರ್ಚಿಯಲ್ಲಿ ಕೂರಿಸಿಕೊಂಡು, ಸೊಪ್ಪಿನ ಗಾಡಿಯವನ ಮೇಲೆ ಗಂಟಲು ಹರಿಯುವಂತೆ ರೇಗುತ್ತಿದ್ದೆ. "ಫ್ರೆಶ್ಶಾಗೇ ಇದ್ಯಲ್ಲಮ್ಮಾ!" ಎಂದು ಅವನು ಕಂಗಾಲಾಗುತ್ತಿದ್ದ.

ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಅದು ಅಳುತ್ತಿದ್ದಾಗ ಪದ್ಮಾವತಿ ಒಂದು ಸಾಲು ಹಾಡಿದರು, ಮಗು ಗಪ್‌ಚಿಪ್. ನಾನು ಎತ್ತಿಕೊಂಡು ಮೆತ್ತಗೆ, "ಬಾ ಕಂದಾ" ಎಂದೆ. ಮನೆ ಹಾರಿಹೋಗುವಂತೆ ಕಿರುಚಿತು. ನನ್ನ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಗೇಟಿನ ಮುಂದೆ ಸೊಪ್ಪಿನ ಗಾಡಿ ಹಾದುಹೋಯಿತು. ಅಭ್ಯಾಸಬಲ ನೋಡಿ, "ನಿಂತ್ಕೊಳಪ್ಪಾ! ನಿನ್ನೆ ಕೊಟ್ಟಿದ್ದು ದಂಟಿನ ಸೊಪ್ಪಾ ಅದು?" ಎಂದು ಕಿರುಚಿದೆ. ಮಗು ಅಳು ನಿಲ್ಲಿಸಿ ನನ್ನ ಕಡೆಗೇ ಮುಖ ತಿರುಗಿಸಿತು.

"ನಿಮ್ಮನ್ನೂ ಗುರುತು ಹಿಡೀತು ನೋಡಿ, ಸಮಾಧಾನ ಮಾಡ್ಕೊಳ್ಳಿ" ಎಂದರು ಪದ್ಮಾವತಿ. "ನಿಮ್ಮನ್ನೂ ಅಂದ್ರೆ ಏನ್ರೀ ಅರ್ಥ?" ಎಂದು ನಾನು ಭುಸುಗುಟ್ಟಿದೆ.

ಶುಭಾ ನಕ್ಕಳು. "ಸಮಾಧಾನ ಮಾಡಿದ್ರೆ ಕೆರಳೋ ಮಿದುಳು ಈ ಮನೇಲಿ ಇನ್ನೊಂದಿದೆ!"

ಯಾರದಿರಬಹುದು ಎಂದು ನಾನು ಅನುಮಾನದಿಂದ ನಮ್ಮ ಯಜಮಾನರ ಕಡೆ ನೋಡಿದೆ.