ತೇರ್ಸಿನ ಹೊತ್ತಿನ ಮೋಡೆಮ್

ಯಾವ ವಸ್ತುವೇ ಆಗಲಿ, ಅದರ ಬಗ್ಗೆ ಪೂರ್ತಿ ಓದದೆ ಕೊಳ್ಳಬಾರದು ಎಂಬುದು ನನ್ನ ನಿಯಮ. ಇದು ಜಾಣತನವೆಂದು ನಾನು ನಂಬಿದ್ದೇನೆ. ಸೋಮಾರಿತನವೆಂದು ಹೆಂಡತಿ ಸಿಲ್ವಿಯಾ ನಂಬಿದ್ದಾಳೆ. ಹಿಂದೊಮ್ಮೆ ಮಿಕ್ಸಿ ಕೆಟ್ಟಾಗ ನಾನು ಮೋಟಾರಿನ ಶಕ್ತಿ, ಜಾರಿನ ದಪ್ಪ ಎಲ್ಲವನ್ನೂ ಹೋಲಿಸುತ್ತಾ ಕುಳಿತಿದ್ದಷ್ಟು ದಿನ ಅವಳು ಪಕ್ಕದ ಮನೆಗೆ ಹೋಗಿ ಮಸಾಲೆ ರುಬ್ಬಿ ತಂದಳು. ಕೊನೆಗೊಂದು ಶನಿವಾರ ಉಡುಪಿಗೆ ಹೋದವಳು ಮೊದಲು ಸಿಕ್ಕಿದ ಅಂಗಡಿಯಲ್ಲಿ ಮೊದಲು ಕಂಡ ಮಿಕ್ಸಿಯನ್ನು ಕೊಂಡು ಬಂದಳು. ಅದು ಈಗಲೂ ಚೆನ್ನಾಗಿ ತಿರುಗುತ್ತಿದೆ. ನನ್ನ ಪಟ್ಟಿಯಲ್ಲೂ ಅದೇ ಮೊದಲಿತ್ತೆಂದು ನನ್ನ ನೆನಪು. ಪಟ್ಟಿ ಈಗ ಕೈಯಲ್ಲಿಲ್ಲವಾದ್ದರಿಂದ ಆ ನೆನಪನ್ನು ಅಷ್ಟಾಗಿ ನೆಚ್ಚುವಂತಿಲ್ಲ.

ಈ ಸಲ ಕೆಟ್ಟದ್ದು ಇಂಟರ್ನೆಟ್ಟು. ಉದ್ಯಾವರದ ನಮ್ಮ ಮನೆಯ ಚಾವಡಿಯ ಮೂಲೆಯಲ್ಲಿ ಎರಡು ಪೆಟ್ಟಿಗೆಗಳಿದ್ದವು. ಫೈಬರ್ ತಂತಿಯಿಂದ ಇಂಟರ್ನೆಟ್ ಇಳಿಸಿಕೊಳ್ಳುವ ಮೋಡೆಮ್ ಒಂದು, ಅದನ್ನು ವೈಫೈ ಮಾಡಿ ಮನೆಗೆಲ್ಲ ಹಂಚುವ ರೂಟರ್ ಇನ್ನೊಂದು. ತೊಂದರೆ ಯಾವುದರದ್ದೆಂದು ನೋಡಲು ಹೋದರೆ ಎರಡೂ ಒಟ್ಟಿಗೆ ಮಿನುಗುತ್ತಾ ನಿಲ್ಲುತ್ತಿದ್ದವು. ಎರಡನ್ನೂ ಕಿತ್ತು, ಎರಡರ ಕೆಲಸವನ್ನೂ ಮಾಡುವ ಒಂದೇ ಪೆಟ್ಟಿಗೆ ಹಾಕುವುದೆಂದು ತೀರ್ಮಾನವಾಯಿತು. ಯಾವುದೆಂದು ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವಸರವಿದ್ದದ್ದು ಅಮ್ಮನಿಗೆ. ಸಂಜೆ ಏಳೂವರೆಗೆ ನಮ್ಮ ಮನೆಯಲ್ಲಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ. ಕುವೈತಿನಲ್ಲಿ ಆಗ ಐದು ಗಂಟೆ. ಅಕ್ಕ ಐರಿನ್ ಕಚೇರಿಯಿಂದ ಮರಳಿ ವಿಡಿಯೋ ಕರೆಯಲ್ಲಿ ಬಂದು ಸೇರುತ್ತಾಳೆ. ಒಳಕೋಣೆಯ ದೇವರ ಪೀಠದ ಮೇಲೆ, ಹೂದಾನಿಗೆ ಒರಗಿಸಿದ ಫೋನಿನಲ್ಲಿ ಅವಳ ಮುಖ. ಪ್ರಾರ್ಥನೆಯ ಮೊದಲರ್ಧವನ್ನು ಅಮ್ಮ ಹೇಳಬೇಕು, ಉಳಿದರ್ಧವನ್ನು ನಾವೆಲ್ಲ. ನೆಟ್ ಕುಂಟತೊಡಗಿದ ಮೇಲೆ ಕುವೈತಿನ ಉಳಿದರ್ಧ ಬಂದು ಉದ್ಯಾವರದ ಮೊದಲರ್ಧದ ಮೇಲೆ ಬೀಳುತ್ತಿತ್ತು. ಆಮೇಲೆ ಅಕ್ಕ ಬಾಯಿ ಅರ್ಧ ತೆರೆದುಕೊಂಡು ಹಾಗೆಯೇ ನಿಂತುಬಿಡುತ್ತಿದ್ದಳು. ಮೊದಲ ಸಲ ಅದನ್ನು ಕಂಡಾಗ ಅಮ್ಮ, "ಅವಳಿಗೆ ಹಲ್ಲುನೋವು ಅಂತ ಕಾಣ್ತದೆ" ಎಂದಿದ್ದರು. ನಿಂತ ಚಿತ್ರ ಮತ್ತೆ ಹೊರಡುವುದರೊಳಗೆ ತೇರ್ಸ್ ಮುಗಿದಿರುತ್ತಿತ್ತು. ಮುಗಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರಲ್ಲಿ ಬೆಸಾಂವ್ ಕೇಳುವುದು, ಅಂದರೆ ಆಶೀರ್ವಾದ ಕೇಳುವುದು, ನಮ್ಮಲ್ಲಿನ ಪದ್ಧತಿ. ಅಕ್ಕ ಅಲ್ಲಿಯವರೆಗೆ ತಲುಪಿದ್ದು ಒಂದೆರಡು ಸಲ ಮಾತ್ರ.

"ಐರಿನ್‌ಗೆ ಬೆಸಾಂವ್ ಕೊಡದೆ ಎಷ್ಟು ದಿನ ಆಯ್ತು ಗೊತ್ತುಂಟಾ ನಿನಗೆ?" ಎಂದು ಅಮ್ಮ ಕೇಳುತ್ತಿದ್ದರು. "ಆಮೇಲೆ ಫೋನ್ ಮಾಡಿ ಕೊಡಬಹುದಲ್ಲ ಮಾಂಯ್" ಎಂದರೆ, "ತೇರ್ಸ್ ಆದಕೂಡಲೇ ಕೊಡುವುದು ಬೇರೆ, ಗಂಜಿ ಉಂಡು ಕೊಡುವುದು ಬೇರೆ" ಎನ್ನುತ್ತಿದ್ದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ, ನಾನು ಡೈರಿ ಬರೆಯುವುದು ಕನ್ನಡದಲ್ಲಿ. ಹಾಗಾಗಿ ಅಮ್ಮ ಹೇಳಿದ್ದೆಂದು ಇಲ್ಲಿ ಬರೆಯುವುದರಲ್ಲಿ ಸ್ವಲ್ಪ ನನ್ನದೂ ಬೆರೆತಿರಬಹುದು. ಗಂಜಿಯ ಮಾತು ಮಾತ್ರ ಅವರದೇ.

ಮನೆಯವರು ಇಷ್ಟು ಕಷ್ಟದಲ್ಲಿರುವಾಗ ನಾನು ಸುಮ್ಮನಿರಲಿಲ್ಲ. ಚಿತ್ರ ನಿಂತಕೂಡಲೇ ಮೊದಲು ಎದ್ದು ಚಾವಡಿಗೆ ಹೋಗುತ್ತಿದ್ದವನು ನಾನೇ. ಡೈರಿಯಲ್ಲಿ ದಿನವೂ "ನೆಟ್ ಹೋಯಿತು, ಸರಿ ಮಾಡಿದೆ" ಎಂದಿದೆ. ಸರಿ ಮಾಡಿದ್ದು ಹೇಗೆಂದು ಬರೆದಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಿರಬೇಕು. ಅದರ ಜೊತೆಗೆ ಓದುವುದೂ ನಡೆದೇ ಇತ್ತು. ಎರಡು ಬ್ಯಾಂಡಿನದ್ದು ಒಳ್ಳೆಯದೋ ಒಂದರದ್ದೋ, ಆಂಟೆನಾ ಹೊರಗಿರಬೇಕೋ ಒಳಗೋ ಎಂದು ನೂರು ಪುಟದ ಪುಸ್ತಕದಲ್ಲಿ ಅರ್ಧ ತುಂಬಿಸಿದೆ. ಕಾಪುವಿನಿಂದ ಬರುವ ನಮ್ಮ ಕಚೇರಿಯ ಶೆಟ್ರು, "ಆರು ಕೊಂಬಿನದ್ದು ತೆಗೊಳ್ಳಿ ಮಾರಾಯ್ರೇ, ನಮ್ಮಲ್ಲಿ ದನದ ಹಟ್ಟಿಯಲ್ಲಿ ನಿಂತರೂ ಸಿಗ್ತದೆ" ಎಂದರು. ಹಟ್ಟಿಯಲ್ಲಿ ಯಾರಿಗೆ ಬೇಕು ಎಂದು ಕೇಳಿದ್ದಕ್ಕೆ, ಅವರ ಮನೆಯಲ್ಲಿ ನೆಮ್ಮದಿಯಾಗಿ ಫೋನ್ ನೋಡಬಹುದಾದ ಜಾಗ ಅದೊಂದೇ ಎಂದು ತಿಳಿಯಿತು. ಹೀಗೆ ಮೂರು ತಿಂಗಳು ಕಳೆಯಿತು.

ಮೂರು ತಿಂಗಳಾದ ಮೇಲೆ ಸಿಲ್ವಿಯಾ ನನಗೆ ಹೇಳದೆ ನೆಟ್ ಕೊಡುವ ಕಂಪನಿಗೆ ಫೋನ್ ಮಾಡಿದಳು. ಬಂದವರು ಹರೀಶ್, ಆದಿ ಉಡುಪಿಯವರು. ನನ್ನ ಪುಸ್ತಕವನ್ನು ಮರ್ಯಾದೆಯಿಂದಲೇ ತಿರುವಿ ಹಾಕಿದರು. "ತುಂಬಾ ಓದಿದ್ದೀರಿ ಸರ್. ಆದರೆ ಇದರಲ್ಲಿ ಹೆಚ್ಚಿನದ್ದು ನಮ್ಮ ಲೈನಿಗೆ ಆಗುವುದೇ ಇಲ್ಲ. ಆಗುವುದು ಎರಡೇ."

"ಎರಡರಲ್ಲಿ ಯಾವುದು ಒಳ್ಳೆಯದು?"

"ಅದು ಆಮೇಲೆ ಸರ್. ನಿಮಗೆ ನೆಟ್ ಬೇಕಾದ್ದು ಎಲ್ಲಿ?"

ಈ ಪ್ರಶ್ನೆ ನನ್ನ ಪುಸ್ತಕದಲ್ಲಿರಲಿಲ್ಲ. ನಾನು ವೇಗದ ಬಗ್ಗೆ ಏನೋ ಆರಂಭಿಸುವುದರೊಳಗೆ ಅಮ್ಮ ಜಪಸರ ಹಿಡಿದ ಕೈಯಿಂದ ಒಳಕೋಣೆ ತೋರಿಸಿದರು. ಹರೀಶ್ ನಡುವಿನ ಕೆಂಪುಕಲ್ಲಿನ ಗೋಡೆಗೆ ಎರಡು ಸಲ ಬೆರಳಿನಿಂದ ಬಡಿದು ನೋಡಿದರು. "ಇದು ಕೋಟೆ ಸರ್. ಎಷ್ಟು ಕೊಂಬಿನದ್ದು ತಂದರೂ ಚಾವಡಿಯಲ್ಲಿಟ್ಟರೆ ಇದನ್ನು ದಾಟುವುದು ಕಷ್ಟ. ತಂತಿಯನ್ನೇ ಒಳಗೆ ಎಳೆದು ಪೆಟ್ಟಿಗೆ ಅಲ್ಲಿಯೇ ಕೂರಿಸುವ."

ಅಲ್ಲಿಯೇ ಎಂದರೆ ದೇವರ ಪೀಠದ ಬದಿಗೆ. ಅಮ್ಮ ಒಪ್ಪಲಾರರೆಂದು ನಾನು ತಯಾರಾಗಿ ನಿಂತೆ. ಒಪ್ಪಬಾರದೆಂಬ ಆಸೆಯೂ ಒಳಗೊಳಗೆ ಇತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ. ಅಮ್ಮ ಕೇಳಿದ್ದು ಒಂದೇ. "ಇದರ ದೀಪ ಆರುವುದುಂಟಾ?"

"ಕರೆಂಟ್ ಇರುವಷ್ಟು ಹೊತ್ತು ಇಲ್ಲ ಬಾಯಮ್ಮ."

"ಹಾಗಾದರೆ ಇರಲಿ. ಮೊಂಬತ್ತಿ ಉಳಿಯಿತು."

ಅಂದು ಸಂಜೆ ಅಕ್ಕನ ಮುಖ ಒಮ್ಮೆಯೂ ನಿಲ್ಲಲಿಲ್ಲ. ಐದು ಸುತ್ತಿನ ಜಪವೂ ಮುಗಿಯಿತು. ಮೊದಲರ್ಧ ಇಲ್ಲಿಂದ, ಉಳಿದರ್ಧ ಅಲ್ಲಿಂದ, ಎಲ್ಲೂ ಡಿಕ್ಕಿಯಿಲ್ಲ. ತೇರ್ಸ್ ಇಷ್ಟು ಉದ್ದವೆಂದು ನನ್ನ ಮೊಣಕಾಲಿಗೆ ಬಹಳ ಕಾಲದ ಮೇಲೆ ಗೊತ್ತಾಯಿತು. ಕೊನೆಗೆ ಅಕ್ಕ ಕೈಮುಗಿದು, "ಬೆಸಾಂವ್ ದೀ ಮಾಂಯ್" ಎಂದಳು. ಅವಳ ದನಿ ಸ್ವಲ್ಪ ನಡುಗಿತು. ಅದು ನೆಟ್ಟಿನ ದೋಷವಾಗಿರಲಿಲ್ಲ. ಅಮ್ಮ ಮುಂದೆ ಬಾಗಿ, ಹೆಬ್ಬೆರಳಿನಿಂದ ಗಾಜಿನ ಮೇಲೆಯೇ ಅವಳ ಹಣೆಗೆ ಶಿಲುಬೆ ಬರೆದರು. ಶಿಲುಬೆಯ ಉದ್ದಗೆರೆ ಹಣೆಯಿಂದ ಕೆಳಗಿಳಿದು ಕೆಂಪು ಗುಂಡಿಯನ್ನು ಮುಟ್ಟಿತು. ಕರೆ ಕಡಿದುಹೋಯಿತು.

ನಾನು ಎದ್ದೇಬಿಟ್ಟೆ. ಚಾವಡಿಯ ಬಾಗಿಲವರೆಗೆ ಹೋದಮೇಲೆ ಅಲ್ಲಿ ನೋಡಬೇಕಾದ್ದು ಏನೂ ಉಳಿದಿಲ್ಲವೆಂದು ಹೊಳೆಯಿತು. ಸಿಲ್ವಿಯಾ ತಲೆ ತಗ್ಗಿಸಿಕೊಂಡೇ, "ಪದಬಂಧದ ಪೇಪರ್ ಟೀಪಾಯಿಯ ಮೇಲುಂಟು" ಎಂದಳು.

"ಎಲ್ಲಿಗೆ ಹೋಗ್ತಿ ವಲ್ಲಿ?" ಎಂದರು ಅಮ್ಮ. ವಲ್ಲಿ ಎಂದರೆ ನಾನು. "ಬಾ ಇಲ್ಲಿ. ಐರಿನ್‌ಗಾದರೂ ನಡುವೆ ಒಂದೆರಡು ಸಲ ಸಿಕ್ಕಿತ್ತು. ನೀನು ತೆಗೊಳ್ಳದೆ ಅವಳಿಗಿಂತಲೂ ಹೆಚ್ಚು ದಿನ ಆಯ್ತು."

ಹೌದು. ಚಿತ್ರ ನಿಂತಲ್ಲಿಂದ ಬೆಸಾಂವ್ ಮುಗಿಯುವವರೆಗೆ ಚಾವಡಿಯಲ್ಲಿ ಕುಳಿತು ನಾನು ಸರಿ ಮಾಡುತ್ತಿದ್ದದ್ದು ಪತ್ರಿಕೆಯ ಪದಬಂಧವನ್ನು. ಒಬ್ಬಳು ಕುವೈತಿನಲ್ಲಿ ಪರದೆ ಹಿಡಿದುಕೊಂಡು ಕಾಯುತ್ತಿದ್ದಳು, ಇನ್ನೊಬ್ಬ ಗೋಡೆಯಾಚೆ ತಪ್ಪಿಸಿಕೊಂಡು ಕೂತಿದ್ದ. ಅಮ್ಮ ಇಬ್ಬರ ದಿನಗಳನ್ನೂ ಎಣಿಸಿಟ್ಟಿದ್ದರು.

ಹೋಗಿ ಮೊಣಕಾಲೂರಿ ಕೈಮುಗಿದೆ. ಅಮ್ಮ ತಲೆಯ ಮೇಲೆ ಕೈಯಿಟ್ಟರು. ಬೇಗ ತೆಗೆಯಲೂ ಇಲ್ಲ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸಿಲ್ವಿಯಾ ಎತ್ತಿ ಹೂದಾನಿಗೆ ಒರಗಿಸಿದಳು. ಅಕ್ಕ ಮೊದಲಿಗಿಂತಲೂ ಸ್ಪಷ್ಟವಾಗಿ ಕಂಡಳು. ಅಂದರೆ ನಾನೂ ಅವಳಿಗೆ ಅಷ್ಟೇ ಸ್ಪಷ್ಟವಾಗಿ ಕಂಡಿದ್ದೆ.

"ಮಾಂಯ್, ತೇರ್ಸಿನ ಹೊತ್ತಿಗೆ ವಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದ" ಎಂದಳು. "ಅದು ಭಕ್ತಿಯಾ ನಿದ್ದೆಯಾ, ಕೇಳಿ ನೋಡು."

ಎರಡೂ ಅಲ್ಲ ಎಂದೆ. ನಿದ್ದೆ ಸ್ವಲ್ಪ ಇತ್ತು.