ಕಾಲೇಜು ನೋಡುವ ಶಾಸ್ತ್ರ

ಮಕ್ತುಮಸಾಬನ ಅಂದಿನ ಫಜೀತಿಗೆಲ್ಲ ಕಾರಣ ಅವನೇ ಹಿಂದೊಮ್ಮೆ ಆಡಿದ ಒಂದು ದೊಡ್ಡ ಮಾತು. "ನಿನ್ನ ಮನಸಿಗೆ ಬಂದದ್ದು ಕಲಿ ಬೇಟಾ, ನಾ ಅಡ್ಡ ಬರೂದಿಲ್ಲ" ಎಂದು ಮಗಳು ಗುಲ್ನಾಜಳಿಗೆ ಅವನು ವಚನ ಕೊಟ್ಟಿದ್ದ. ಆಗ ಅವಳು ಬಿಎಸ್ಸಿ ಮೊದಲ ವರ್ಷದಲ್ಲಿದ್ದಳು. ದೂರದ ಮಾತು ಕೊಡುವುದಕ್ಕೆ ಯಾರಿಗೇನು ಕಷ್ಟ?

ಈಗ ಬಿಎಸ್ಸಿ ಮುಗಿದಿತ್ತು. ಕಾಡು, ಕೆರೆ, ಮಣ್ಣು, ನೀರು ಇವನ್ನೆಲ್ಲ ಹಾಳಾಗದಂತೆ ಉಳಿಸಿಕೊಳ್ಳುವುದು ಹೇಗೆಂದು ಕಲಿಸುವ ಎಂಎಸ್ಸಿಗೆ ಅವಳಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಧಾರವಾಡದಲ್ಲಿ, ಸರಕಾರಿ ಫೀ. ಇನ್ನೊಂದು ದಿಲ್ಲಿಯ ಖಾಸಗಿ ವಿಶ್ವವಿದ್ಯಾಲಯದ್ದು, ಫೀ ಕೇಳಿದರೆ ಎದೆ ಧಸಕ್ಕೆನ್ನುವಂಥದ್ದು. ಎರಡರಲ್ಲಿ ಯಾವುದು ಎಂದು ಅಂದೇ ಸಂಜೆಯೊಳಗೆ ಮೊಬೈಲಿನಲ್ಲಿ ಒತ್ತಿ ತಿಳಿಸಬೇಕಾಗಿತ್ತು.

ಬೆಳಿಗ್ಗೆ ಚಹಾ ಕೊಡುತ್ತ ಗುಲ್ನಾಜ ಹೇಳಿದಳು: "ಅಬ್ಬಾ, ನಾ ದಿಲ್ಲೀದ ಆರಿಸಬೇಕಂತ ಮಾಡೇನಿ. ಯಾಕಂದ್ರ..."

"ಆತು, ಆತು. ನಿನ್ನ ಇಷ್ಟಾನ ನನ್ನ ಇಷ್ಟ" ಎಂದು ಮಕ್ತುಮಸಾಬ ಅರ್ಧ ಚಹಾ ಬಿಟ್ಟು ಅಂಗಡಿಗೆ ಹೊರಟೇಬಿಟ್ಟ. ಇನ್ನೊಂದು ಗಳಿಗೆ ಅಲ್ಲೇ ನಿಂತಿದ್ದರೆ ಕಣ್ಣು ತುಂಬಿ, ಕೊಟ್ಟ ವಚನದ ಬಣ್ಣ ಬಯಲಾಗುತ್ತಿತ್ತು.

ಹಳೇ ಹುಬ್ಬಳ್ಳಿಯ ಆ ಮನೆಯಲ್ಲಿ ಇದ್ದವರು ಅವರಿಬ್ಬರೇ. ಹೆಂಡತಿ ತಾಜಬಿ ತೀರಿಕೊಂಡಾಗ ಹುಡುಗಿ ಇನ್ನೂ ಕನ್ನಡ ಶಾಲೆಯಲ್ಲಿದ್ದಳು. ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೈಯಿಂದಲೇ ಮಕ್ತುಮಸಾಬ ಮಗಳ ಜಡೆ ಹೆಣೆಯುವುದನ್ನು ಕಲಿತ. ಮೊದಮೊದಲು ಆ ಜಡೆ ಎಷ್ಟು ಬಿಗಿಯಾಗುತ್ತಿತ್ತೆಂದರೆ ಹುಡುಗಿಯ ಹುಬ್ಬು ಮೇಲೇರಿ, ಅವಳು ಶಾಲೆಯಲ್ಲಿ ಇಡೀ ದಿನ ಆಶ್ಚರ್ಯಪಡುತ್ತಿರುವಂತೆ ಕಾಣುತ್ತಿದ್ದಳು. ಅಂಥ ಮಗಳು ದಿಲ್ಲಿಗೆ ಹೋಗುತ್ತಾಳೆಂದರೆ ಅವನ ಕರುಳು ಹೇಗೆ ತಾಳೀತು? ಧಾರವಾಡವಾದರೆ ಬೆಳಿಗ್ಗೆ ಚಿಗರಿ ಬಸ್ಸು ಹತ್ತಿ ಹೋಗಿ, ಸಂಜೆ ಬಿಸಿ ರೊಟ್ಟಿಯ ಹೊತ್ತಿಗೆ ಮನೆಯಲ್ಲಿರುತ್ತಾಳೆ.

ಬಾಯಿಬಿಟ್ಟು ಹೇಳುವಂತಿಲ್ಲ, ಹೇಳದೆ ಇರುವಂತಿಲ್ಲ. ಕೊನೆಗೆ ಪಕ್ಕದ ಅಂಗಡಿಯ ರಸೂಲಸಾಬನ ಹತ್ತಿರ ತೋಡಿಕೊಂಡ. ರಸೂಲಸಾಬ ದರ್ಜಿ. ಆದರೆ ಅರಿವೆ ಹೊಲಿದದ್ದಕ್ಕಿಂತ ಸಂಬಂಧ ಹೊಲಿದದ್ದೇ ಹೆಚ್ಚು. ಆ ಓಣಿಯ ಅರ್ಧಕ್ಕರ್ಧ ಮದುವೆಗಳಿಗೆ ಅವನೇ ನಡುವಿನವನು.

"ಬ್ಯಾಡ ಅನ್ನಾಕ ಬರದಿದ್ರ ಬಿಡು. ಧಾರವಾಡದ್ದ ಛಲೋ ಐತಿ ಅಂತ ತೋರಸಾಕ ಬರ್ತೈತಲ್ಲೋ!" ಎಂದ ರಸೂಲಸಾಬ. "ಕಾಲೇಜು ಆರಿಸೂದಂದ್ರ ಅಳಿಯನ್ನ ಆರಿಸಿದಂಗ. ಹೋಗಬೇಕು, ನೋಡಬೇಕು, ಓಣ್ಯಾಗ ಗುಣಾ ವಿಚಾರಿಸಬೇಕು. ನಾ ಬರ್ತೇನಿ ನಡಿ."

"ಯಾರ ಮುಂದೂ ಹೇಳಬ್ಯಾಡ ಮತ್ತ."

"ಛೇ, ಛೇ! ನಾ ಯಾರ ಮುಂದ ಹೇಳ್ಲಿ?"

ಅಂಗಡಿಗೆ ಚಹಾ ಬರುವಷ್ಟರಲ್ಲಿ ನಿವೃತ್ತ ಹೆಡ್‌ಮಾಸ್ತರ ಶಾಂತಯ್ಯನವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು ನಿಂತಿದ್ದರು. ಅವರ ಹಿಂದೆಯೇ ಮಕ್ತುಮಸಾಬನ ಅಕ್ಕ ಕರೀಮಾಬಿ, ಒಂದು ಕೈಯಲ್ಲಿ ಬಿಸಿ ಶಿರಾದ ಡಬ್ಬಿ, ಇನ್ನೊಂದರಲ್ಲಿ ಗುಲ್ನಾಜಳ ರಟ್ಟೆ. "ಹುಡುಗಿ ಕಡಿಂದ ಒಬ್ಬಾಕಿ ಹೆಣ್ಣಮಗಳು ಇರಬೇಕೋ ಬ್ಯಾಡೋ? ಬರಿಗೈಲೆ ಹೋಗಬಾರದು" ಎಂದಳು.

"ಫುಪ್ಪು, ಕಾಲೇಜಿಗೆ ಯಾರರ ಶಿರಾ ಒಯ್ತಾರೇನು?" ಎಂದು ಗುಲ್ನಾಜ ಅಂಗಲಾಚಿದಳು. ಅವಳ ಮಾತು ಯಾರಿಗೆ ಬೇಕಾಗಿತ್ತು? ಹುಡುಗಿಯ ಅಭಿಪ್ರಾಯ ಕೇಳುವುದು ಯಾವಾಗಲೂ ಕೊನೆಗೆ.

ಬಸ್ಸಿನಲ್ಲಿ ಶಾಂತಯ್ಯನವರು ಪಾಠ ಶುರು ಮಾಡಿದರು. "ಕಟ್ಟಡಾ ನೋಡಿ ಮರುಳಾಗಬಾರದ್ರಿ ಮಕ್ತುಮಸಾಬ್ರ. ಕಲಿಸವರು ಕಾಯಂ ಅದಾರೋ, ದೀಪಾವಳಿಗೆ ಬಂದು ಯುಗಾದಿಗೆ ಹೋಗವರೋ ನೋಡಬೇಕು. ಮೊದಲ ಕಲಿತವರು ಈಗ ಎಲ್ಲಿ ಅದಾರ ಕೇಳಬೇಕು. ಫೀ ಕಡಿಮಿ ಅಂದು, ಆಮ್ಯಾಲೆ ಅದಕ್ಕಿಷ್ಟು ಇದಕ್ಕಿಷ್ಟು ಅಂತ ಹಿಂಡತಾರೇನು, ಅದನ್ನೂ ತಿಳ್ಕೋಬೇಕು."

"ನಾ ಹೇಳೂದೂ ಇದನ್ನ ಅಲ್ರಿ ಮಾಸ್ತರ! ಹುಡುಗನ ನೌಕರಿ ಕಾಯಂ ಐತೇನು, ಅಣ್ಣತಮ್ಮಂದಿರು ದಂಡಿ ಹತ್ಯಾರೇನು, ಏನೂ ಬ್ಯಾಡಂದು ಆಮ್ಯಾಲೆ ಬೈಕ್ ಕೇಳತಾರೇನು!" ಎಂದು ರಸೂಲಸಾಬ ತೊಡೆ ತಟ್ಟಿದ. ಅದೇ ಹೊತ್ತಿಗೆ ಡ್ರೈವರ್ ಬ್ರೇಕ್ ಹಾಕಿದ. ಡಬ್ಬಿಯ ಮುಚ್ಚಳ ಹಾರಿ, ಒಂದು ಹಿಡಿ ಶಿರಾ ಶಾಂತಯ್ಯನವರ ಕೋಟಿನ ಮೇಲೆ ಕುಳಿತಿತು. ಮಾಸ್ತರರು ಅದನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡು, ಸಕ್ಕರೆ ಸ್ವಲ್ಪ ಹೆಚ್ಚಾಯಿತೆಂದರು.

ಗೇಟಿನ ಎದುರಿನ ಚಹಾದಂಗಡಿಯಲ್ಲಿ ಮೊದಲು ಗುಣದ ವಿಚಾರಣೆ ನಡೆಯಿತು. "ಆ ಡಿಪಾರ್ಟ್‌ಮೆಂಟಿನವರಾ?" ಎಂದ ಚಹಾದವ. "ನನ್ನ ಪ್ಲಾಸ್ಟಿಕ್ ಕಪ್ಪು ಬಿಡಿಸಿ ಗಾಜಿನ ಗ್ಲಾಸು ಹಿಡಿಸಿದ್ರು ನೋಡ್ರಿ. ತೊಳ್ಯಾಕ ನಾವ ಬರ್ತೇವಿ ಅಂದಿದ್ರು. ಖರೇನ ಬಂದ್ರು."

"ಗುಣಾ ಛಲೋ ಐತಿ" ಎಂದು ರಸೂಲಸಾಬ ಕಣ್ಣು ಮಿಟುಕಿಸಿದ. "ಚಟಾ ಏನರ?"

"ಮಣ್ಣಿಂದ ಒಂದ ನೋಡ್ರಿ. ಮಣ್ಣು ಹಿಡಿತಾರ, ತಿಕ್ಕತಾರ, ಮೂಸತಾರ. ಒಬ್ಬಾಂವ ನೆಕ್ಕಿದ್ದನ್ನೂ ಕಂಡೇನಿ."

ಮಕ್ತುಮಸಾಬನ ಮುಖ ಬಾಡಿತು. ಗುಲ್ನಾಜಳ ಮುಖ ಮಾತ್ರ ಅರಳಿತು.

ಗೇಟಿನಲ್ಲಿ ವಾಚಮನ್ "ಯಾರ್ರಿ ನೀವು?" ಎಂದಾಗ, ರಸೂಲಸಾಬ ರೂಢಿಯ ಬಲದಿಂದ "ನಾವು ಹುಡುಗಿ ಕಡೆಯವರ್ರಿ" ಎಂದುಬಿಟ್ಟ. ವಾಚಮನ್ನನ ಮುಖದಲ್ಲಿ ಸಂಭ್ರಮ ಮೂಡಿತು. ಅದೇ ವಿಭಾಗದ ಗೌತಮ ಎಂಬ ಹರೆಯದ ಲೆಕ್ಚರರಿಗೆ ಮನೆಯವರು ಕನ್ಯೆ ಹುಡುಕುತ್ತಿರುವ ಸುದ್ದಿ ಅವನಿಗೆ ಗೊತ್ತಿತ್ತು. ಅವನು ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಗೌತಮ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಕೈಯಿಂದಲೇ ಕೂದಲು ತಿದ್ದಿಕೊಳ್ಳುತ್ತ ಓಡೋಡಿ ಬಂದ. ವಿಭಾಗದವರು ಸ್ವಾಗತಕ್ಕೇ ಬಂದರೆಂದು ಇವರಿಗೆ ಹಿಗ್ಗು.

"ವಯಸ್ಸೆಷ್ಟಾತ್ರಿ?" ಎಂದು ರಸೂಲಸಾಬ ವಿಭಾಗದ ವಯಸ್ಸು ಕೇಳಿದ.

"ಮೂವತ್ತೊಂದು ನಡದೈತ್ರಿ."

"ಕಾಯಂ ಏನ್ರಿ?" ಎಂದರು ಶಾಂತಯ್ಯ.

"ಹೋದ ವರ್ಷ ಆತ್ರಿ."

"ಮತ್ತ ನಾವು ಕೊಡೂದು, ಮಾಡೂದು?" ಮಕ್ತುಮಸಾಬ ಅಳುಕುತ್ತ ಕೇಳಿದ.

"ನಮಗೇನೂ ಬ್ಯಾಡ್ರಿ. ಅವರು ಒಪ್ಪಿದ್ರ ಸಾಕು" ಎಂದು ಗೌತಮ ನೆಲ ನೋಡಿದ. "ಆದ್ರ ನಮ್ಮವ್ವಗ ಒಂದ ಮಾತು ಕೇಳಬೇಕ್ರಿ."

"ಕಾಲೇಜಿಗೆ ಅವ್ವ ಎಲ್ಲಿಂದ ಬಂದಳಪಾ?" ಎಂದು ಕರೀಮಾಬಿ ಬಾಯಿ ತೆರೆದಳು.

ಗುಲ್ನಾಜ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು, "ಸರ್, ನಾ ಎಂಎಸ್ಸಿ ಸೀಟಿನ ಸಲುವಾಗಿ ಬಂದೇನ್ರಿ" ಎಂದಳು. ಗೌತಮನ ಮುಖ ಕೆಂಪಗಾಗಿ, ಬೆಳ್ಳಗಾಗಿ, ಕೊನೆಗೆ ಮೊದಲಿನಂತಾಯಿತು. ಕರೀಮಾಬಿ ಮರುಗಿ ಅವನ ಕೈಗೆ ಶಿರಾ ಹಾಕಿದಳು. ಅವನು ನಿಂತಲ್ಲೇ ತಿಂದ, ಒಲ್ಲೆ ಎನ್ನಲಿಲ್ಲ.

ಆಮೇಲೆ ವಿಭಾಗದ ಮುಖ್ಯಸ್ಥೆ ನೀಲಾ ಮೇಡಂ ಎಲ್ಲರನ್ನೂ ಒಳಗೆ ಕರೆದರು. ಕಟ್ಟಡ ಹಳೆಯದು, ಗೋಡೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಆದರೆ ಮೇಡಂ ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟರು. "ಸರಕಾರಿ ಫೀ ಅಷ್ಟ, ಅದರಾಚೆ ಒಂದು ಪೈಸಾ ಇಲ್ಲ. ವಿದ್ಯಾರ್ಥಿವೇತನಾನೂ ಬರ್ತದ. ಕಲಿತವರೊಳಗ ಕೆಲವರು ಅರಣ್ಯ ಇಲಾಖೆಯೊಳಗಿದ್ದಾರ, ಕೆಲವರು ಹಳ್ಳಿ ಕೆರಿ ಕೆಲಸಾ ಮಾಡ್ಲಿಕ್ಕತ್ತಾರ. ಇನ್ನೂ ಕೆಲಸಾ ಹುಡುಕವರೂ ಇದ್ದಾರ, ಸುಳ್ಳ್ಯಾಕ ಹೇಳ್ಲಿ?"

"ಇದ್ದದ್ದನ್ನ ಇದ್ದಂಗ ಹೇಳಿದ್ರು. ನನ್ನ ಕಡಿಂದ ಪಾಸು" ಎಂದು ಶಾಂತಯ್ಯನವರು ಪಿಸುಗುಟ್ಟಿದರು.

ಹಿತ್ತಲಲ್ಲಿ ಒಂದು ಸಣ್ಣ ಹೊಂಡವಿತ್ತು. ಪರೀಕ್ಷೆಗೆಂದು ಬಂದಿದ್ದ ವಿದ್ಯಾರ್ಥಿಗಳು ಅದರ ನೀರು ಅಳೆಯುತ್ತಿದ್ದರು. ನೋಡನೋಡುತ್ತಿದ್ದಂತೆ ಗುಲ್ನಾಜ ಚಪ್ಪಲಿ ಬಿಟ್ಟು ಅವರ ನಡುವೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಯಾವುದೋ ಹುಳ, ಯಾವುದೋ ಪಾಚಿ, ಅದಕ್ಕೊಂದು ಪ್ರಶ್ನೆ, ಪ್ರಶ್ನೆಗೊಂದು ಪ್ರಶ್ನೆ. ಹಬ್ಬದ ದಿನ ಹೊಸ ಅರಿವೆ ಕಂಡ ಕೂಸಿನ ಹಾಗೆ ಅವಳ ಕಣ್ಣು ಹೊಳೆಯುತ್ತಿದ್ದವು. ಮಗಳನ್ನು ಇಷ್ಟು ಸುಖದಲ್ಲಿ ನೋಡಿ ಎಷ್ಟು ದಿನವಾಯಿತು ಎಂದುಕೊಂಡ ಮಕ್ತುಮಸಾಬ. ಅಲ್ಲಿಯವರೆಗೆ ತನ್ನ ಸಲುವಾಗಿ ಬೇಕಾಗಿದ್ದ ಧಾರವಾಡ ಈಗ ಅವಳ ಸಲುವಾಗಿಯೂ ಬೇಕೆನಿಸಿತು. ಅವನು ಮಗಳ ಹತ್ತಿರ ಹೋದ.

"ಬೇಟಾ, ದಿಲ್ಲಿ ಬಿಡು. ಇಲ್ಲೇ ಸೇರು."

ಗುಲ್ನಾಜ ಎದ್ದು ನಿಂತಳು. "ಖರೇನ ಹೇಳ್ತೀಯೇನಬ್ಬಾ?"

"ಖರೇನ."

"ನಾ ಇಲ್ಲಿ ಸೇರಿದ್ರ ನಿನಗ ತ್ರಾಸ ಆಗೂದಿಲ್ಲಾ?"

"ತ್ರಾಸ ಎದಕ್ಕ? ನನ್ನಂಥ ಸುಖಿ ಇಡೀ ಹುಬ್ಬಳ್ಳ್ಯಾಗ ಇಲ್ಲ!"

"ಕಡೀಕ ಒಮ್ಮಿ ಕೇಳತೇನಿ. ನೀ ಮನಸಿಂದ ಹೂಂ ಅಂತೀಯೇನು?"

"ನಿಕಾದಾಗಿನಂಗ ಮೂರು ಸಲ ಕೇಳಿದಳು. ಕಬೂಲ್ ಅನ್ನೋ!" ಎಂದು ರಸೂಲಸಾಬ ಹಿಂದಿನಿಂದ ಚುಚ್ಚಿದ.

"ಕಬೂಲ್" ಎಂದ ಮಕ್ತುಮಸಾಬ. ಗುಲ್ನಾಜ ಕೆಸರುಗೈಯನ್ನು ದುಪಟ್ಟಾಕ್ಕೆ ಒರೆಸಿ, ಮೊಬೈಲು ತೆಗೆದು ಧಾರವಾಡ ಒತ್ತಿದಳು. ಒತ್ತಿದವಳೇ ಅಪ್ಪನ ಕೊರಳಿಗೆ ಜೋತುಬಿದ್ದು ಅತ್ತಳು. ಕರೀಮಾಬಿಯೂ ಅತ್ತಳು. ಉಳಿದ ಶಿರಾ ಹಂಚಲಾಯಿತು.

"ಛಲೋ ಆತು. ಹಂಗಾದ್ರ ಬರೂ ಸೋಮವಾರ ಹಾಸಿಗಿ ಕಟ್ಟಿಕೊಂಡು ಬಾ ಗುಲ್ನಾಜ" ಎಂದರು ನೀಲಾ ಮೇಡಂ.

"ಹಾಸಿಗಿ ಯಾಕ್ರಿ ಮೇಡಂ? ಸಂಜಿಕ ಮನಿಗೆ ಬರ್ತಾಳಲ್ರಿ" ಎಂದ ಮಕ್ತುಮಸಾಬ.

"ಎಲ್ಲಿ ಮನಿಗೆ? ಇಲ್ಲೆ ಬರೇ ಪರೀಕ್ಷಾ ಬರೀಲಿಕ್ಕೆ ಬರೂದು. ಎರಡೂ ವರ್ಷ ಕಲಿಯೂದು ಜೋಯಿಡಾದ ಆಚೆ, ಕಾಡಿನಾಗಿನ ನಮ್ಮ ಕೇಂದ್ರದೊಳಗ. ಅಲ್ಲೆ ಫೋನೂ ಹತ್ತೂದಿಲ್ಲ, ಗುಡ್ಡಾ ಹತ್ತಬೇಕು. ಕಾಡು ಕಲೀಬೇಕಂದ್ರ ಕಾಡಿನಾಗ ಇರಬೇಕಲ್ರಿ?"

ಮಕ್ತುಮಸಾಬ ಪಕ್ಕದಲ್ಲಿದ್ದ ಮಾವಿನ ಗಿಡ ಹಿಡಿದುಕೊಂಡ. "ಅಲ್ಲ ಬೇಟಾ... ದಿಲ್ಲಿ ದೂರ ಅಂತ..."

"ದಿಲ್ಲೀದು ಆನ್‌ಲೈನ್ ಇತ್ತಬ್ಬಾ. ಮನ್ಯಾಗ ಕುಂತು ಕಲಿಯೂದು" ಎಂದಳು ಗುಲ್ನಾಜ ಕಣ್ಣೊರೆಸಿಕೊಳ್ಳುತ್ತ. "ನಿನ್ನ ಒಬ್ಬನ್ನ ಬಿಟ್ಟು ಹೋಗಾಕ ಮನಸಾಗಲಿಲ್ಲ. ಫೀ ಜಾಸ್ತಿ ಆದ್ರೂ ಟ್ಯೂಶನ್ ಹೇಳಿ ಕಟ್ಟಿದ್ರಾತು ಅಂತ ಮಾಡಿದ್ದೆ. ಬೆಳಿಗ್ಗೆ ಅದನ್ನ ಹೇಳಾಕ ಬಂದ್ರ ನೀ ಎದ್ದು ಹೋದಿ. ಇಲ್ಲಿ ನೀನ ನಿಂತು ಕಾಡಿಗೆ ಹೋಗು ಅಂದಾಗ... ನಮ್ಮಬ್ಬಾನ ಮನಸು ಎಷ್ಟು ದೊಡ್ಡದು ಅನ್ನಿಸಿಬಿಡ್ತು."

ಎಲ್ಲರೂ ರಸೂಲಸಾಬನನ್ನು ನೋಡಿದರು. "ಲಗ್ನದಾಗ ಹುಡುಗಿ ಮುಂದ ಎಲ್ಲಿ ಇರ್ತಾಳ ಅನ್ನೂದನ್ನ ನಾ ಮೊದಲ ಕೇಳತೇನ್ರಿ" ಎಂದ ಅವನು ತಲೆ ಕೆರೆಯುತ್ತ. "ಧಾರವಾಡ ಅಂದ ಮ್ಯಾಲೆ ಮತ್ತೇನು ಕೇಳೂದು ಅಂತ ಬಿಟ್ಟೆ."

ಮಕ್ತುಮಸಾಬ ಮಗಳ ಮುಖ ನೋಡಿದ. ಅಳುತ್ತಿದ್ದರೂ ಆ ಮುಖದಲ್ಲಿ ಹೊಂಡದ ಬೆಳಕು ಹಾಗೆಯೇ ಇತ್ತು. ತಾನು ಅಂಥ ದೊಡ್ಡ ಮನಸ್ಸಿನವನಲ್ಲ, ಮೋಸದಿಂದ ಬಂದವನು ಎಂದು ಹೇಳಿಬಿಡಲೇ ಎನಿಸಿತು. ಹೇಳಿದರೆ ಅವಳು ಹೋಗುವುದಿಲ್ಲ. ಅದಕ್ಕೇ ಹೇಳಲಿಲ್ಲ. ಮೂಗೊರೆಸಿಕೊಂಡು, ಅಂಗಡಿಯ ಮಾತಿನ ಧಾಟಿಯಲ್ಲಿ ಮೇಡಂ ಕಡೆಗೆ ತಿರುಗಿದ.

"ಅಲ್ರಿ ಮೇಡಂ, ಆ ಕಾಡಿನಾಗ ನಿಮ್ಮ ನೀರಿನ ಮೋಟಾರು ಆಗಾಗ ಸುಡ್ತಿರಬೇಕಲ್ರಿ? ಕರದ್ರ ನಾ ಬರ್ತೇನ್ರಿ. ದುಡ್ಡು ಬ್ಯಾಡ್ರಿ. ತಿಂಗಳಿಗೊಮ್ಮಿ ಸುಟ್ರೂ ಬರ್ತೇನಿ."

ನೀಲಾ ಮೇಡಂ ಪ್ರೀತಿಯಿಂದ ನಕ್ಕರು.

"ಅಲ್ಲೆ ಮೋಟಾರನ ಇಲ್ರಿ ಮಕ್ತುಮಸಾಬ್ರ. ಬಾಗಲಾ ತಗದ್ರ ಹೊಳೀನ ಅದ."